ಮ್ಯಾಡ್ರಿಡ್‌ನಿಂದ ಸಲಮಾಂಕಾಕ್ಕೆ ಯಾವುದರಲ್ಲಿ ಹೋಗುವುದು? ಮೂರು ಜನ, ನಾಲ್ಕು ಸೂಟ್‌ಕೇಸ್

ಶಿವಮೊಗ್ಗದ ಅಪ್ಪ:

ಎಲ್ಲರಿಗೂ ನಮಸ್ಕಾರ. ಸ್ಪೇನ್‌ನಲ್ಲಿರುವ ಅಥವಾ ಅಲ್ಲಿ ಓದಿ ಬಂದ ಕನ್ನಡಿಗರ ಸಲಹೆ ಬೇಕಿತ್ತು.

ನನ್ನ ಮಗಳಿಗೆ ಸಲಮಾಂಕಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಸೀಟು ಸಿಕ್ಕಿದೆ. ಸೆಪ್ಟೆಂಬರ್ ಎರಡನೇ ವಾರ ಹೊರಡುತ್ತಿದ್ದೇವೆ. ನಾನೂ ನನ್ನ ಹೆಂಡತಿಯೂ ಜೊತೆಗೆ ಹೋಗಿ, ಅವಳನ್ನು ರೂಮಿಗೆ ಸೇರಿಸಿ, ಹತ್ತು ದಿನ ಇದ್ದು ಬರುವುದು ಅಂತ ಯೋಚನೆ. ಬೆಂಗಳೂರಿನಿಂದ ದೋಹಾ, ಅಲ್ಲಿಂದ ಮ್ಯಾಡ್ರಿಡ್. ಮಧ್ಯಾಹ್ನ ಎರಡು ಗಂಟೆ ಸುಮಾರಿಗೆ ಟರ್ಮಿನಲ್ 4ರಲ್ಲಿ ಇಳಿಯುತ್ತೇವೆ.

ನನಗೆ 62 ವರ್ಷ, ಬ್ಯಾಂಕಿನಿಂದ ನಿವೃತ್ತಿ ಆಗಿದೆ. ಹೆಂಡತಿಗೆ ಮಂಡಿನೋವು, ಮೆಟ್ಟಿಲು ಹತ್ತುವುದು ಕಷ್ಟ. ಮಗಳ ಸಾಮಾನೇ ಜಾಸ್ತಿ. 23 ಕಿಲೋ ತೂಗುವ ನಾಲ್ಕು ದೊಡ್ಡ ಸೂಟ್‌ಕೇಸ್ ಆಗುತ್ತವೆ, ಕೈಚೀಲ ಬೇರೆ.

ನನ್ನ ಗೊಂದಲ ಇಷ್ಟು. ರೈಲು ಎಲ್ಲಕ್ಕಿಂತ ಬೇಗ ಹೋಗುತ್ತದೆ ಅಂತ ಓದಿದೆ, ಆದರೆ ಮ್ಯಾಡ್ರಿಡ್‌ನಲ್ಲಿ ಎರಡು ದೊಡ್ಡ ಸ್ಟೇಷನ್ ಇವೆ, ಯಾವುದಕ್ಕೆ ಹೋಗಬೇಕು ಗೊತ್ತಾಗುತ್ತಿಲ್ಲ. ಬಸ್ಸೂ ಇದೆ ಅಂತ ಮಗಳು ಹೇಳುತ್ತಾಳೆ. ಟ್ಯಾಕ್ಸಿ ಮಾಡಿಬಿಡೋಣ ಅಂತ ನನ್ನ ತಮ್ಮ. ಅದೇ ದಿನ ಮುಂದೆ ಹೋಗುವುದೋ, ಒಂದು ರಾತ್ರಿ ಮ್ಯಾಡ್ರಿಡ್‌ನಲ್ಲಿ ಉಳಿಯುವುದೋ? ನಮಗೆ ಯಾರಿಗೂ ಯುರೋಪ್ ಅಭ್ಯಾಸ ಇಲ್ಲ. ಸ್ಪ್ಯಾನಿಷ್ ಬರುವುದು ಮಗಳಿಗೆ ಮಾತ್ರ. ವಾಪಸ್ ಬರುವಾಗ ಅವಳು ಜೊತೆಗೆ ಇರುವುದಿಲ್ಲ ಅನ್ನುವುದೇ ಮನೆಯವಳ ದೊಡ್ಡ ಚಿಂತೆ.

ದಯವಿಟ್ಟು ತಿಳಿದವರು ಹೇಳಿ.


ಆವಿಲಾ ಮಾರ್ಗ:

ಸರ್, ಮೊದಲು ಮಗಳಿಗೆ ಅಭಿನಂದನೆ. ನಾನು ಈಗ ಸಲಮಾಂಕಾದಲ್ಲೇ ಓದುತ್ತಿದ್ದೇನೆ, ಊರು ಹಾಸನ. ನಾನು ಹೇಳುವುದು ವಿದ್ಯಾರ್ಥಿಗಳ ದಾರಿ.

ಚಮಾರ್ತಿನ್ ಸ್ಟೇಷನ್‌ನಿಂದ ಎರಡು ತರಹದ ರೈಲು ಇವೆ. ಒಂದು ಆಲ್ವಿಯಾ. ಸೆಗೋವಿಯಾ ಕಡೆಯಿಂದ ಹೈಸ್ಪೀಡ್ ಹಳಿಯಲ್ಲಿ ಬಂದು ಒಂದೂಮುಕ್ಕಾಲು ಗಂಟೆಯೊಳಗೆ ಮುಟ್ಟಿಸುತ್ತದೆ. ಇನ್ನೊಂದು ಮೀಡಿಯಾ ದಿಸ್ತಾನ್ಸಿಯಾ, ಆವಿಲಾ ಮೇಲೆ ಬರುತ್ತದೆ, ಹತ್ತಿರ ಹತ್ತಿರ ಮೂರು ಗಂಟೆ. ನನಗೆ ಎರಡನೆಯದೇ ಇಷ್ಟ. ಎಲ್ ಎಸ್ಕೊರಿಯಾಲ್ ದಾಟಿದ ಮೇಲೆ ಎರಡೂ ಕಡೆ ದೊಡ್ಡ ದೊಡ್ಡ ಬಂಡೆಗಳು, ಓಕ್ ಮರಗಳು. ಆವಿಲಾ ಸ್ಪೇನ್‌ನ ಜಿಲ್ಲಾ ಕೇಂದ್ರಗಳಲ್ಲೇ ಎಲ್ಲಕ್ಕಿಂತ ಎತ್ತರದಲ್ಲಿರುವ ಊರು, ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲೆ. ಊರಿನ ಸುತ್ತ ಹಳೇ ಕಾಲದ ಕೋಟೆಗೋಡೆ ಹಾಗೇ ಇದೆ. ಈ ರೈಲುಗಳಲ್ಲಿ ಕೆಲವು ಸಲಮಾಂಕಾದಲ್ಲಿ ಅಲಮೆದಿಯಾ ಅನ್ನುವ ಸಣ್ಣ ನಿಲ್ದಾಣದಲ್ಲೂ ನಿಲ್ಲುತ್ತವೆ. ಪಾರ್ಕಿನ ಪಕ್ಕದಲ್ಲೇ ಇರುವುದರಿಂದ ಹಳೆ ಊರಿಗೆ ದೊಡ್ಡ ಸ್ಟೇಷನ್‌ಗಿಂತ ಹತ್ತಿರ.

ನಾವು ಹುಡುಗರು ಬ್ಲಾಬ್ಲಾಕಾರ್ ಕೂಡ ಜಾಸ್ತಿ ಬಳಸುತ್ತೇವೆ. ಯಾರೋ ತಮ್ಮ ಕಾರಿನಲ್ಲಿ ಮ್ಯಾಡ್ರಿಡ್‌ನಿಂದ ಹೊರಟಿರುತ್ತಾರೆ, ಖಾಲಿ ಸೀಟಿಗೆ ನಾವು ದುಡ್ಡು ಹಂಚಿಕೊಳ್ಳುವುದು. ಶುಕ್ರವಾರ, ಭಾನುವಾರ ಸಂಜೆ ಬೇಕಾದಷ್ಟು ಸಿಗುತ್ತದೆ. ಒಂದು ಬೆನ್ನುಚೀಲ ಇದ್ದವರಿಗೆ ಸರಿ, ನಿಮ್ಮ ನಾಲ್ಕು ಸೂಟ್‌ಕೇಸಿಗೆ ಆಗುವುದಿಲ್ಲ. ಮುಂದೆ ನಿಮ್ಮ ಮಗಳಿಗೆ ಉಪಯೋಗಕ್ಕೆ ಬರಬಹುದು ಅಂತ ಬರೆದೆ.


ತೋರ್ಮೆಸ್ ದಂಡೆಯವಳು:

ಸರ್, ನಮಸ್ಕಾರ. ನಾನು ಶಿರಸಿ ಕಡೆಯವಳು. ಸಲಮಾಂಕಾದಲ್ಲಿ ಓದಿ, ಈಗ ಮ್ಯಾಡ್ರಿಡ್‌ನಲ್ಲಿ ಕೆಲಸದಲ್ಲಿದ್ದೇನೆ. ಈ ದಾರಿಯಲ್ಲಿ ತುಂಬ ಓಡಾಡಿದ್ದೇನೆ. ನನ್ನ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಸಲಮಾಂಕಾ ಮ್ಯಾಡ್ರಿಡ್‌ನಿಂದ ಸುಮಾರು 215 ಕಿಲೋಮೀಟರ್. ರೈಲಿಗೂ ಬಸ್ಸಿಗೂ ಇರುವ ವ್ಯತ್ಯಾಸ ಒಂದು ಗಂಟೆ ಅಷ್ಟೇ. ಎಲ್ಲರೂ ಆ ಒಂದು ಗಂಟೆಯನ್ನೇ ನೋಡುತ್ತಾರೆ. ನೀವು ಬೇರೆ ಲೆಕ್ಕ ಹಾಕಿ ಸರ್. ವಿಮಾನದಿಂದ ರೂಮಿನ ಬಾಗಿಲ ತನಕ ಆ ನಾಲ್ಕು ಸೂಟ್‌ಕೇಸನ್ನು ಎಷ್ಟು ಸಲ ಎತ್ತಿ ಇಳಿಸಬೇಕು? ಇಡೀ ರಾತ್ರಿ ನಿದ್ದೆಗೆಟ್ಟು ಬಂದವರಿಗೆ, ಮಂಡಿನೋವು ಇರುವವರಿಗೆ ಕಷ್ಟ ಆಗುವುದು ಅಲ್ಲೇ. ಕೂತುಕೊಂಡ ಮೇಲೆ ಎರಡು ಗಂಟೆಯಾದರೇನು, ಮೂರಾದರೇನು?

ರೈಲಿನ ದಾರಿ ಹೀಗಿದೆ. ಸಲಮಾಂಕಾ ರೈಲು ಹೊರಡುವುದು ಚಮಾರ್ತಿನ್‌ನಿಂದ, ಅತೋಚಾದಿಂದ ಅಲ್ಲ. ಇದನ್ನು ಮಗಳಿಗೂ ಹೇಳಿಬಿಡಿ. ಅತೋಚಾ ಇರುವುದು ಊರಿನ ಆ ಬದಿಗೆ, ಸೆವಿಯಾ, ಮಾಲಗಾ ಕಡೆ ಹೋಗುವವರಿಗೆ ಅದು. ಟಿ4ರ ಕಟ್ಟಡದ ಕೆಳಗೇ ಸೆರ್ಕಾನಿಯಾಸ್ ಅಂದರೆ ಲೋಕಲ್ ರೈಲಿನ ಸ್ಟೇಷನ್ ಇದೆ. ಅಲ್ಲಿಂದ ಚಮಾರ್ತಿನ್ ಮೂರನೇ ನಿಲ್ದಾಣ, ಕಾಲು ಗಂಟೆ ಸಾಕು. ಮೊದಲು ವಾಲ್ದೆಬೆಬಾಸ್, ಆಮೇಲೆ ಫುಯೆಂತೆ ದೆ ಲಾ ಮೋರಾ, ಆಮೇಲೆ ಚಮಾರ್ತಿನ್. ಆಲ್ವಿಯಾ ಟಿಕೆಟ್ ಮೇಲೆ 'ಕೊಂಬಿನಾದೋ ಸೆರ್ಕಾನಿಯಾಸ್' ಅಂತ ಒಂದು ಕೋಡ್ ಇರುತ್ತದೆ. ಅದನ್ನು ಮೆಷಿನ್‌ನಲ್ಲಿ ಹಾಕಿದರೆ ಲೋಕಲ್ ರೈಲಿಗೆ ಬೇರೆ ದುಡ್ಡು ಕೊಡಬೇಕಿಲ್ಲ. ಎಷ್ಟೋ ಜನ ಇದು ಗೊತ್ತಿಲ್ಲದೆ ಸುಮ್ನೆ ಇನ್ನೊಂದು ಟಿಕೆಟ್ ಕೊಳ್ಳುತ್ತಾರೆ.

ಕೇಳಲು ಸುಲಭ ಇದೆ, ಅಲ್ವಾ? ಸಾಮಾನು ಕಡಿಮೆ ಇದ್ದರೆ ನಿಜಕ್ಕೂ ಸುಲಭ. ನಿಮಗೆ ಮೂರು ಅಡ್ಡಿಗಳಿವೆ.

ಮೊದಲನೆಯದು ತೂಕ. ರೆನ್‌ಫೆ ಅಂದರೆ ಸ್ಪೇನಿನ ಸರ್ಕಾರಿ ರೈಲು ಕಂಪನಿ, ಅದರ ನಿಯಮದಲ್ಲಿ ಒಬ್ಬರಿಗೆ ಒಟ್ಟು 25 ಕಿಲೋ. ಮೂರು ಜನಕ್ಕೆ 75. ನಿಮ್ಮ ಸೂಟ್‌ಕೇಸುಗಳೇ 92 ಆಗುತ್ತವೆ. ಯಾವುದೇ ಪೆಟ್ಟಿಗೆ 85 ಸೆಂಟಿಮೀಟರ್ ಉದ್ದ, 55 ಅಗಲ, 35 ದಪ್ಪ ಮೀರುವಂತಿಲ್ಲ ಅಂತಲೂ ಇದೆ. ಎಲ್ಲರ ಸಾಮಾನನ್ನೂ ತಕ್ಕಡಿಗೆ ಹಾಕಿ ನೋಡುವುದಿಲ್ಲ. ಆದರೂ ಹೊಸ ದೇಶದಲ್ಲಿ ಮೊದಲ ದಿನವೇ ಆ ಆತಂಕ ಯಾಕೆ? ನೋಡದಿದ್ದರೂ, ಬೋಗಿಯ ಬಾಗಿಲ ಹತ್ತಿರದ ಕಪಾಟಿನಲ್ಲಿ ನಾಲ್ಕು ದೊಡ್ಡ ಪೆಟ್ಟಿಗೆಗೆ ಜಾಗ ಸಿಗುವುದು ಅದೃಷ್ಟ. ಸೀಟಿನ ಮೇಲಿನ ಹಲಗೆಗೆ 23 ಕಿಲೋ ಎತ್ತುವುದು ನಿಮ್ಮಿಂದಲೂ ಆಗದು, ಮಗಳಿಂದಲೂ ಆಗದು.

ಎರಡನೆಯದು ಚಮಾರ್ತಿನ್ ಸ್ಟೇಷನ್. ಅಲ್ಲಿ ವರ್ಷಗಟ್ಟಲೆಯಿಂದ ವಿಸ್ತರಣೆ ಕೆಲಸ ನಡೆದಿದೆ. ನಡೆಯುವ ದಾರಿ ಬದಲಾಗುತ್ತಿರುತ್ತದೆ, ಜನವೂ ತುಂಬಿರುತ್ತಾರೆ. ದೂರದ ರೈಲು ಹತ್ತುವ ಮುಂಚೆ ಬ್ಯಾಗುಗಳನ್ನು ಎಕ್ಸ್‌ರೇ ಬೆಲ್ಟ್ ಮೇಲೆ ಹಾಕಬೇಕು. ಮತ್ತೆ ಎತ್ತುವುದು, ಮತ್ತೆ ಇಳಿಸುವುದು. ಪ್ಲಾಟ್‌ಫಾರ್ಮ್ ನಂಬರ್ ಬೋರ್ಡಿನಲ್ಲಿ ಬರುವುದು ಕೊನೆಯ ಹೊತ್ತಿಗೆ. ಬಂದ ಕೂಡಲೇ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ರೈಲು ಹೊರಡುವ ಎರಡು ನಿಮಿಷ ಮೊದಲೇ ಗೇಟು ಮುಚ್ಚುತ್ತದೆ.

ಮೂರನೆಯದು ಸಮಯ. ಆಲ್ವಿಯಾ ರೈಲುಗಳು ದಿನಕ್ಕೆ ಬೆರಳೆಣಿಕೆಯಷ್ಟು. ಸಲಮಾಂಕಾದ ಜನ ಇನ್ನೂ ಹೆಚ್ಚು ರೈಲು ಕೊಡಿ ಅಂತ ಕೇಳುತ್ತಲೇ ಇದ್ದಾರೆ. ಒಂದು ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕು. ಅಗ್ಗದ ಟಿಕೆಟ್ಟಿಗೆ ದುಡ್ಡೂ ವಾಪಸ್ ಬರುವುದಿಲ್ಲ. ವಿಮಾನ ಎರಡು ಗಂಟೆಗೆ ಇಳಿಯಿತು ಅಂದರೆ ನೀವು ಎರಡೂವರೆಗೆ ಹೊರಗಿರುತ್ತೀರಿ ಅಂತ ಅಲ್ಲ. ದೋಹಾ ವಿಮಾನ ನಿಲ್ಲುವುದು ಟಿ4ಎಸ್ ಅನ್ನುವ ಬೇರೆ ಕಟ್ಟಡದಲ್ಲಿ. ಅಲ್ಲಿಂದ ನೆಲದಡಿಯ, ಚಾಲಕ ಇಲ್ಲದ ಪುಟ್ಟ ರೈಲಿನಲ್ಲಿ ಟಿ4ಕ್ಕೆ ಬರಬೇಕು. ಸಾಮಾನು ಸಿಗುವುದು ಟಿ4ರಲ್ಲಿ. 2025ರ ಅಕ್ಟೋಬರ್ 12ರಿಂದ ಯುರೋಪಿನ ಗಡಿಗಳಲ್ಲಿ ಹೊಸ ನೋಂದಣಿ ವ್ಯವಸ್ಥೆಯೂ ಶುರುವಾಗಿದೆ. ಪ್ರವಾಸಿ ವೀಸಾದಲ್ಲಿ ಬರುವ ನಿಮ್ಮಿಬ್ಬರ ಫೋಟೊ, ಬೆರಳಚ್ಚು ತೆಗೆದುಕೊಳ್ಳುತ್ತಾರೆ. ಮಗಳದು ದೀರ್ಘಾವಧಿ ವಿದ್ಯಾರ್ಥಿ ವೀಸಾ ಆಗಿದ್ದರೆ ಅವಳಿಗೆ ಇದು ಇರುವುದಿಲ್ಲ. ಸಾಲು ಉದ್ದ ಇದ್ದರೆ ಒಂದೂವರೆ ಎರಡು ಗಂಟೆ ಹಿಡಿದರೂ ಆಶ್ಚರ್ಯ ಇಲ್ಲ.

ಇದಕ್ಕೇ ನಾನು ಹೇಳುವುದು, ಹೋಗುವಾಗ ಬಸ್ಸು. ಅದರಲ್ಲೂ ವಿಮಾನ ನಿಲ್ದಾಣದಿಂದಲೇ ಹೊರಡುವ ಬಸ್ಸು. ಅವಾನ್ಸಾ ಅನ್ನುವ ಕಂಪನಿಯದು. ಬರಾಹಾಸ್ ವಿಮಾನ ನಿಲ್ದಾಣದಿಂದ ನೇರ ಸಲಮಾಂಕಾಕ್ಕೆ ಹೋಗುವ ಬಸ್ಸುಗಳು ಇವೆ, ಎರಡೂವರೆಯಿಂದ ಮೂರು ಗಂಟೆಯ ದಾರಿ. ಊರೊಳಗೆ ಹೋಗಿ ಇನ್ನೊಂದು ಕಡೆ ಹತ್ತುವ ರಗಳೆಯೇ ಇಲ್ಲ. ಟ್ರಾಲಿ ತಳ್ಳಿಕೊಂಡು ಹೊರಗೆ ಬನ್ನಿ, 'ಆಟೊಬುಸೆಸ್' ಅನ್ನುವ ಬೋರ್ಡ್ ಹಿಡಿದು ಹೋಗಿ. ಪೆಟ್ಟಿಗೆಗಳು ಬಸ್ಸಿನ ಹೊಟ್ಟೆಯೊಳಗೆ ಹೋಗುತ್ತವೆ, ಮತ್ತೆ ಕೈಗೆ ಬರುವುದು ಸಲಮಾಂಕಾದಲ್ಲಿ. ಒಂದು ಸಲ ಎತ್ತುವುದು, ಒಂದು ಸಲ ಇಳಿಸುವುದು, ಮುಗಿಯಿತು. ಟಿಕೆಟ್ ಮಾಡುವಾಗ ಎರಡು ವಿಷಯ ನೋಡಿ. ಒಬ್ಬರಿಗೆ ಎಷ್ಟು ಸಾಮಾನು ಬಿಡುತ್ತಾರೆ, ಹೆಚ್ಚಿಗೆ ಪೆಟ್ಟಿಗೆಗೆ ದುಡ್ಡು ಕಟ್ಟಬೇಕಾ ಅಂತ ಒಂದು. ಬಸ್ಸು ಯಾವ ಟರ್ಮಿನಲ್‌ನಿಂದ ಅಂತ ಇನ್ನೊಂದು. ಟಿ1ರಿಂದ ಹತ್ತುವ ಬಸ್ಸು ಸಿಕ್ಕರೂ ಗಾಬರಿ ಬೇಡ, ಟರ್ಮಿನಲ್‌ಗಳ ನಡುವೆ ಹಗಲು ರಾತ್ರಿ ಉಚಿತ ಬಸ್ಸು ಓಡುತ್ತದೆ.

ಸಂಜೆ ಐದೂವರೆ, ಆರರ ಆಸುಪಾಸಿನ ಬಸ್ಸು ನೋಡಿ. ಆ ಹೊತ್ತಿಗೆ ವಿಮಾನ ನಿಲ್ದಾಣದಿಂದ ಇಲ್ಲದಿದ್ದರೆ ಮೆಂದೆಸ್ ಆಲ್ವಾರೋದಲ್ಲಿರುವ ಎಸ್ತಾಸಿಯೋನ್ ಸೂರ್ ಬಸ್ ನಿಲ್ದಾಣದಿಂದ ಖಂಡಿತ ಇರುತ್ತದೆ. ಅಲ್ಲಿಂದ ಸಲಮಾಂಕಾಕ್ಕೆ ದಿನವಿಡೀ ಬಸ್ಸು ಹೊರಡುತ್ತವೆ, ಎಕ್ಸ್‌ಪ್ರೆಸ್ ಆದರೆ ಎರಡೂವರೆ ಗಂಟೆ. ಟಿ4ರ ಅದೇ ಸೆರ್ಕಾನಿಯಾಸ್ ಸಿ-1 ಚಮಾರ್ತಿನ್, ಅತೋಚಾ ದಾಟಿ ಮೆಂದೆಸ್ ಆಲ್ವಾರೋಗೂ ಹೋಗುತ್ತದೆ. ಆದರೆ ನಿಮಗೆ ನಾನು ಅಲ್ಲಿಯ ತನಕ ಟ್ಯಾಕ್ಸಿಯನ್ನೇ ಹೇಳುತ್ತೇನೆ. ವಿಮಾನ ನಿಲ್ದಾಣದಿಂದ ಎಂ-30 ವರ್ತುಲ ರಸ್ತೆಯ ಒಳಗೆ ಎಲ್ಲಿಗೆ ಹೋದರೂ ಒಂದೇ ನಿಗದಿತ ದರ, ಮೀಟರಿನ ಚಿಂತೆ ಇಲ್ಲ. ಬಾಗಿಲಿನ ಮೇಲೆ ಕೆಂಪು ಪಟ್ಟೆ ಇರುವ ಬಿಳಿ ಕಾರುಗಳೇ ಅಧಿಕೃತ ಟ್ಯಾಕ್ಸಿ. ಸಾಲಿನಲ್ಲಿ ನಿಂತು, ದೊಡ್ಡ ಗಾಡಿ ಬೇಕು ಅಂತ ಕೇಳಿ. ಒಳಗೆ ಬಂದು 'ಟ್ಯಾಕ್ಸಿ, ಟ್ಯಾಕ್ಸಿ' ಅಂತ ಕರೆಯುವವರ ಹಿಂದೆ ಹೋಗಬೇಡಿ.

ವಾಪಸ್ ಬರುವಾಗ ಕಥೆ ಬೇರೆ. ಸಾಮಾನು ಅರ್ಧಕ್ಕಿಂತ ಕಡಿಮೆ ಇರುತ್ತದೆ, ನಿದ್ದೆ ಆಗಿರುತ್ತದೆ, ಹತ್ತಿಸಲು ಮಗಳು ಇರುತ್ತಾಳೆ. ಆಗ ಆಲ್ವಿಯಾ ಹತ್ತಿ. ಇನ್ನೊಂದು ಸಂತೋಷದ ವಿಷಯ. ಅರವತ್ತು ತುಂಬಿದವರಿಗೆ ರೆನ್‌ಫೆಯಲ್ಲಿ ತಾರ್ಹೆತಾ ದೊರಾದಾ ಅನ್ನುವ ಕಾರ್ಡ್ ಇದೆ. ಆರು ಯೂರೋ ಕೊಟ್ಟರೆ ಒಂದು ವರ್ಷ ರೈಲು ಟಿಕೆಟ್ಟಿಗೆ ರಿಯಾಯಿತಿ. ಪಾಸ್‌ಪೋರ್ಟ್ ತೋರಿಸಿ ಸಲಮಾಂಕಾ ಸ್ಟೇಷನ್ ಕೌಂಟರಿನಲ್ಲೇ ಮಾಡಿಸಿಕೊಳ್ಳಿ, ವಾಪಸ್ ಟಿಕೆಟ್ಟಿಗೆ ಆಗುತ್ತದೆ.

ಕೊನೆಯದಾಗಿ, ಸೆಪ್ಟೆಂಬರ್ ಎರಡನೇ ವಾರ ಅಂದಿರಿ. ಸೆಪ್ಟೆಂಬರ್ 8 ಸಲಮಾಂಕಾದ ಊರದೇವಿ ವಿರ್ಹೆನ್ ದೆ ಲಾ ವೇಗಾ ಹಬ್ಬ. ಅದರ ಆಸುಪಾಸಿನಲ್ಲಿ ಒಂದು ವಾರದ ಜಾತ್ರೆ. ಹೋಟೆಲು, ಬಸ್ಸು ಎಲ್ಲ ತುಂಬುತ್ತವೆ. ಇವತ್ತೇ ಬುಕ್ ಮಾಡಿ ಸರ್.


ಸಕಲೇಶಪುರ ಘಾಟಿ:

ಮೇಲಿನವರು ಚೆನ್ನಾಗಿ ಬರೆದಿದ್ದಾರೆ. ಕಾರಿನ ಬಗ್ಗೆ ನಾನು ಹೇಳುತ್ತೇನೆ. ಕೆಲಸದ ಮೇಲೆ ಕೆಲವು ವರ್ಷ ಮ್ಯಾಡ್ರಿಡ್‌ನಲ್ಲಿದ್ದೆ, ವಾರಾಂತ್ಯಕ್ಕೆ ಆ ಕಡೆ ಓಡಿಸಿಕೊಂಡು ಹೋಗುತ್ತಿದ್ದೆ.

ರಸ್ತೆ ಬಹಳ ಚೆನ್ನಾಗಿದೆ. ಎ-6ರಲ್ಲಿ ಹೊರಟು, ಎಪಿ-6 ಟೋಲ್ ರಸ್ತೆಯಲ್ಲಿ ಗ್ವಾದರಾಮಾ ಬೆಟ್ಟದ ಸುರಂಗ ದಾಟಿ, ವಿಯಾಕಾಸ್ತಿನ್ ಹತ್ತಿರ ಎಪಿ-51 ಹಿಡಿದು ಆವಿಲಾ. ಅಲ್ಲಿಂದ ಎ-50, ಅದಕ್ಕೆ ಟೋಲ್ ಇಲ್ಲ, ನೇರ ಸಲಮಾಂಕಾ. 120 ಮಿತಿ ಇರುವ ರಸ್ತೆ. ಎರಡೂಕಾಲು ಗಂಟೆ ಸಾಕು. ಬೆಟ್ಟ ಇಳಿದ ಮೇಲೆ ಕಣ್ಣು ಹಾಯುವಷ್ಟು ದೂರ ಗೋಧಿ ಹೊಲ.

ಆದರೆ ಸರ್, ಇಳಿದ ದಿನವೇ ಬಾಡಿಗೆ ಕಾರು ತೆಗೆದುಕೊಂಡು ನೀವೇ ಓಡಿಸುವುದು ಬೇಡ. ಅಲ್ಲಿ ಬಲಗಡೆ ಓಡಿಸಬೇಕು. ಬಾಡಿಗೆಗೆ ಸಿಗುವ ಕಾರುಗಳಲ್ಲಿ ಗೇರಿನವೇ ಜಾಸ್ತಿ, ಗೇರು ಬಲಗೈಯಲ್ಲಿ. ನಮ್ಮ ಲೈಸೆನ್ಸ್ ಜೊತೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡಿರಬೇಕು. ನಿದ್ದೆ ಇಲ್ಲದೆ, ಗೊತ್ತಿಲ್ಲದ ವರ್ತುಲ ರಸ್ತೆಯಲ್ಲಿ, ಹೆಂಡತಿ ಮಗಳನ್ನು ಕೂರಿಸಿಕೊಂಡು ಹೊರಡುವುದು ಸರಿಯಲ್ಲ. ಸಲಮಾಂಕಾದ ಹಳೆ ಊರಿನೊಳಗೆ ಹೊರಗಿನ ಕಾರಿಗೆ ನಿರ್ಬಂಧವೂ ಇದೆ. ಅಲ್ಲಿ ಹತ್ತು ದಿನ ಕಾರು ಇಟ್ಟುಕೊಂಡು ಮಾಡುವ ಕೆಲಸವೂ ಏನಿಲ್ಲ, ಎಲ್ಲ ನಡೆಯುವ ದೂರ.

ನಿಮ್ಮ ತಮ್ಮ ಹೇಳಿದ ಹಾಗೆ ಡ್ರೈವರ್ ಸಮೇತ ವ್ಯಾನ್ ಮೊದಲೇ ಗೊತ್ತು ಮಾಡಬಹುದು. ಬಾಗಿಲಿಂದ ಬಾಗಿಲಿಗೆ ಬರುತ್ತದೆ. ದುಡ್ಡು ಬಸ್ಸಿನ ಹಲವು ಪಟ್ಟು. ಆರೇಳು ಜನ ಇದ್ದರೆ ನಾನೇ ಅದನ್ನು ಹೇಳುತ್ತಿದ್ದೆ. ಮೂರು ಜನಕ್ಕೆ ಹೊರೆ.

ಒಂದು ಕಡೆ ಮಾತ್ರ ನನ್ನ ಅಭಿಪ್ರಾಯ ಬೇರೆ. ಮಂಡಿನೋವು ಇರುವವರು ಹದಿನೈದು ಗಂಟೆ ಪ್ರಯಾಣ ಮಾಡಿ, ಮತ್ತೆ ಮೂರು ಗಂಟೆ ಬಸ್ಸಲ್ಲಿ ಕೂರುವುದಕ್ಕಿಂತ, ವಿಮಾನ ನಿಲ್ದಾಣದ ಹತ್ತಿರ ಒಂದು ಹೋಟೆಲಿನಲ್ಲಿ ರಾತ್ರಿ ಮಲಗಿ ಬೆಳಿಗ್ಗೆ ಬಸ್ಸು ಹತ್ತಿದರೆ ಒಳ್ಳೆಯದು. ಎಷ್ಟೋ ಹೋಟೆಲುಗಳು ಕರೆದುಕೊಂಡು ಹೋಗಲು ತಾವೇ ವ್ಯಾನ್ ಕಳಿಸುತ್ತವೆ. ವಿಮಾನ ತಡವಾದರೂ ಬಸ್ಸು ತಪ್ಪುವ ಭಯ ಇಲ್ಲ.


ತೋರ್ಮೆಸ್ ದಂಡೆಯವಳು:

ಹೋಟೆಲ್ ವ್ಯಾನ್ ಇದ್ದರೆ ಅದು ಒಳ್ಳೆಯ ಮಾತೇ. ಊರೊಳಗಿನ ಹೋಟೆಲ್ ಮಾತ್ರ ಬೇಡ ಅನ್ನುತ್ತೇನೆ. ಸೋಲ್ ಚೌಕದ ಸುತ್ತ ಹೋಟೆಲ್ ಮಾಡಿದರೆ ಪೆಟ್ಟಿಗೆಗಳನ್ನು ಊರೊಳಗೆ ಒಯ್ದು ಮತ್ತೆ ಹೊರಗೆ ತರಬೇಕು. ಅಲ್ಲಿಯ ಹಳೇ ಕಟ್ಟಡಗಳ ಲಿಫ್ಟಿನಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇರುವುದಿಲ್ಲ.


ಶಿವಮೊಗ್ಗದ ಅಪ್ಪ:

ಎಲ್ಲರಿಗೂ ತುಂಬ ಧನ್ಯವಾದ. ಇಷ್ಟು ವಿವರವಾಗಿ ಮನೆಯವರೇ ಹೇಳುವುದಿಲ್ಲ. ಹೋಗುವಾಗ ಟಿ4ರಿಂದ ಬಸ್ಸು, ಬರುವಾಗ ರೈಲು, ಇಷ್ಟು ನಿರ್ಧಾರ ಆಯಿತು. ಅದೇ ದಿನವೋ ಮರುದಿನವೋ ಅನ್ನುವುದನ್ನು ಮನೆಯವಳು ಹೇಳಿದಂತೆ ಮಾಡುತ್ತೇನೆ.

ಅವಳದು ಕೆಲವು ಪ್ರಶ್ನೆ ಇವೆ. ಬಸ್ಸಿನಲ್ಲಿ ಶೌಚಾಲಯ ಇರುತ್ತದಾ? ದಾರಿಯಲ್ಲಿ ನಿಲ್ಲಿಸುತ್ತಾರಾ? ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಏನು ಕಟ್ಟಿಕೊಂಡು ಬರಬೇಕು? ಒಂದು ಡಬ್ಬಿ ತುಪ್ಪ, ಧಾರವಾಡ ಪೇಡಾ, ಚಟ್ನಿಪುಡಿ ಎಲ್ಲ ಆಗಲೇ ಪಟ್ಟಿಯಲ್ಲಿದೆ. ಮತ್ತೆ ವಾಪಸ್ ಬರುವಾಗ ನಾವಿಬ್ಬರೇ ಚಮಾರ್ತಿನ್‌ನಲ್ಲಿ ಇಳಿದು ವಿಮಾನ ನಿಲ್ದಾಣದ ರೈಲು ಹೇಗೆ ಹುಡುಕುವುದು?


ತೋರ್ಮೆಸ್ ದಂಡೆಯವಳು:

ಸರ್, ಆಂಟಿಗೆ ಒಂದೊಂದಾಗಿ ಹೇಳಿ.

ಬಸ್ಸಿನ ಶೌಚಾಲಯವನ್ನು ನಂಬಿ ಕೂರುವುದು ಬೇಡ. ಕೆಲವು ಬಸ್ಸಿನಲ್ಲಿ ಇರುತ್ತದೆ, ಕೆಲವದರಲ್ಲಿ ಇಲ್ಲ. ಎಕ್ಸ್‌ಪ್ರೆಸ್ ಆದರೆ ದಾರಿಯಲ್ಲಿ ನಿಲ್ಲಿಸುವುದೂ ಇಲ್ಲ. ಟಿ4ರಲ್ಲಿ ಶೌಚಾಲಯ ಸ್ವಚ್ಛವಾಗಿದೆ, ಉಚಿತ. ಅಲ್ಲೇ ಮುಗಿಸಿಕೊಂಡು ಹತ್ತಿ.

ಮಂಡಿನೋವಿಗೆ ವಿಮಾನ ಕಂಪನಿಗೆ ಈಗಲೇ ಹೇಳಿ ವೀಲ್‌ಚೇರ್ ಹಾಕಿಸಿ. ಯುರೋಪಿನ ನಿಯಮದ ಪ್ರಕಾರ 48 ಗಂಟೆ ಮೊದಲು ಹೇಳಿದರೆ ವಿಮಾನ ನಿಲ್ದಾಣದವರು ದುಡ್ಡು ತೆಗೆದುಕೊಳ್ಳದೆ ಕರೆದುಕೊಂಡು ಹೋಗಬೇಕು. ಟಿ4ಎಸ್‌ನಿಂದ ಟಿ4ರ ತನಕ ನಡೆಯುವುದು ಬಹಳ ಇದೆ, ಆಂಟಿ ಸಂಕೋಚ ಮಾಡಿಕೊಳ್ಳಬಾರದು. ರೈಲ್ವೆ ಸ್ಟೇಷನ್‌ನಲ್ಲೂ ಇದೇ ತರಹದ ಸಹಾಯ ಇದೆ, ಅಸೆರ್ಕಾ ಅಂತ ಹೆಸರು. ರೈಲು ಟಿಕೆಟ್ ಆದ ಮೇಲೆ ಮಗಳ ಹತ್ತಿರ ಮೊದಲೇ ಕೋರಿಕೆ ಹಾಕಿಸಿ. ಚಮಾರ್ತಿನ್‌ನಲ್ಲಿ ಪ್ಲಾಟ್‌ಫಾರ್ಮಿಗೇ ಬಂದು ಇಳಿಸಿಕೊಳ್ಳುತ್ತಾರೆ. ನೀವಿಬ್ಬರೇ ಬರುವ ಆತಂಕಕ್ಕೆ ಇದಕ್ಕಿಂತ ಒಳ್ಳೆಯ ಪರಿಹಾರ ಇಲ್ಲ.

ತುಪ್ಪ ಮತ್ತು ಪೇಡಾ ಪಟ್ಟಿಯಿಂದ ತೆಗೆದುಬಿಡಿ. ಹೊರದೇಶದಿಂದ ಯುರೋಪಿಗೆ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಕಸ್ಟಮ್ಸ್‌ನವರು ಬ್ಯಾಗ್ ತೆಗೆಸಿದರೆ ಎಸೆದುಬಿಡುತ್ತಾರೆ. ಹಸಿ ಕರಿಬೇವು, ತರಕಾರಿ ಕೂಡ ಪ್ರಮಾಣಪತ್ರ ಇಲ್ಲದೆ ತರುವ ಹಾಗಿಲ್ಲ. ಚಟ್ನಿಪುಡಿ, ಸಾರಿನ ಪುಡಿ, ಅವಲಕ್ಕಿ, ಚಕ್ಕುಲಿ ಇವೆಲ್ಲ ತನ್ನಿ. ಅಕ್ಕಿ, ಬೇಳೆ, ಹಿಟ್ಟು ಯಾವುದೂ ಬೇಡ. ಮ್ಯಾಡ್ರಿಡ್‌ನ ಲವಾಪಿಯೆಸ್ ಬಡಾವಣೆಯಲ್ಲಿ ನಮ್ಮ ಕಡೆಯ ದಿನಸಿ ಅಂಗಡಿಗಳಿವೆ, ತೊಗರಿಬೇಳೆ, ಮಸಾಲೆ ಎಲ್ಲ ಸಿಗುತ್ತದೆ. ಮಗಳು ಆಗಾಗ ಬಂದು ಒಯ್ಯಬಹುದು. ಇಷ್ಟು ತೆಗೆದರೆ ನಾಲ್ಕನೇ ಸೂಟ್‌ಕೇಸೇ ಬೇಡವಾಗಬಹುದು, ಒಮ್ಮೆ ನೋಡಿ. ಚಳಿಗೆ ಹಾಕುವ ದಪ್ಪ ಕೋಟನ್ನೂ ಅಲ್ಲೇ ಕೊಳ್ಳಲಿ. ಆದರೆ ಒಂದು ತೆಳು ಸ್ವೆಟರ್ ಕೈಚೀಲದಲ್ಲಿರಲಿ. ಸಲಮಾಂಕಾ 800 ಮೀಟರ್ ಎತ್ತರದಲ್ಲಿದೆ, ಸೆಪ್ಟೆಂಬರ್ ರಾತ್ರಿ ಗಾಳಿ ತಣ್ಣಗಿರುತ್ತದೆ.

ಹೋಟೆಲಿನಲ್ಲಿ ಸಸ್ಯಾಹಾರ ಅಂತ ಮಾತ್ರ ಹೇಳಿದರೆ ಸಾಲದು. ಎಷ್ಟೋ ಕಡೆ ಸಲಾಡಿನಲ್ಲಿ ಟ್ಯೂನಾ ಮೀನು ಹಾಕಿಯೇ ಕೊಡುತ್ತಾರೆ. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ ಅಂತ ಮೂರನ್ನೂ ಬೇರೆ ಬೇರೆಯಾಗಿ ಮಗಳು ಸ್ಪ್ಯಾನಿಷ್‌ನಲ್ಲಿ ಬರೆದ ಒಂದು ಚೀಟಿ ನಿಮ್ಮ ಜೇಬಿನಲ್ಲಿರಲಿ. ಆಲೂಗೆಡ್ಡೆ ತೊರ್ತಿಯಾದಲ್ಲಿ ಮೊಟ್ಟೆ ಇರುತ್ತದೆ. ಊರಿನ ಹೆಸರಾದ ತಿಂಡಿ ಒರ್ನಾಸೋ ಒಳಗೆ ಮಾಂಸ ತುಂಬಿರುತ್ತದೆ, ಬೇಕರಿಯಲ್ಲಿ ನೋಡಿ ಸಿಹಿ ಬನ್ ಅಂದುಕೊಂಡು ತೆಗೆದುಕೊಳ್ಳಬೇಡಿ. ಹುರಿದ ಪಾದ್ರೋನ್ ಮೆಣಸಿನಕಾಯಿ, ಬ್ರೆಡ್ಡಿನ ಮೇಲೆ ಟೊಮೆಟೊ, ಆಲೂಗೆಡ್ಡೆ ಸಿಗುತ್ತವೆ. ಅಂಗಡಿಗಳು ಮಧ್ಯಾಹ್ನ ಎರಡರಿಂದ ಐದರ ತನಕ ಮುಚ್ಚಿರುತ್ತವೆ, ರಾತ್ರಿ ಊಟ ಒಂಬತ್ತರ ಮೇಲೆ. ಬಸ್ಸು ಇಳಿದ ರಾತ್ರಿಗೆ ಅವಲಕ್ಕಿ ನಿಮ್ಮ ಹತ್ತಿರ ಇದ್ದರೆ ನೆಮ್ಮದಿ.

ಸಲಮಾಂಕಾ ಬಸ್ ನಿಲ್ದಾಣ ಊರಿನ ಪಶ್ಚಿಮಕ್ಕೆ, ಪ್ಲಾಸಾ ಮಯೋರ್ ಚೌಕಕ್ಕೆ ನಡೆದರೆ ಕಾಲು ಗಂಟೆ. ನೀವು ನಡೆಯಬೇಡಿ, ಹಳೆ ಊರಿನ ಕಲ್ಲುಹಾಸಿನ ಮೇಲೆ ಸೂಟ್‌ಕೇಸಿನ ಚಕ್ರ ಉರುಳುವುದು ಕಷ್ಟ. ಅಲ್ಲೇ ಟ್ಯಾಕ್ಸಿ ಸಿಗುತ್ತವೆ. ಸಣ್ಣ ಊರು, ದುಡ್ಡು ಹೆಚ್ಚಾಗುವುದಿಲ್ಲ.

ವಾಪಸ್ ರೈಲಿನ ಬಗ್ಗೆ. ರೈಲ್ವೆ ಸ್ಟೇಷನ್ ಊರಿನ ಇನ್ನೊಂದು ಬದಿಗೆ, ಈಶಾನ್ಯಕ್ಕೆ. ಸರ್, ನೀವು ರೈಲಿನ ಆಸಕ್ತಿ ಇರುವವರಾದರೆ ಒಂದು ವಿಷಯ ಗಮನಿಸಿ. ಸ್ಪೇನಿನ ಹಳೇ ಹಳಿಗಳ ಅಗಲ 1668 ಮಿಲಿಮೀಟರ್, ನಮ್ಮ ಬ್ರಾಡ್‌ಗೇಜ್ 1676. ಎಂಟೇ ಮಿಲಿಮೀಟರ್ ವ್ಯತ್ಯಾಸ! 1992ರಲ್ಲಿ ಸೆವಿಯಾ ಮಾರ್ಗದಿಂದ ಶುರುವಾದ ಹೈಸ್ಪೀಡ್ ಹಳಿಗಳು ಮಾತ್ರ 1435. ಸಲಮಾಂಕಾದಿಂದ ಹೊರಟ ಆಲ್ವಿಯಾ ಹಳೇ ಹಳಿಯಲ್ಲಿ ಮೆದಿನಾ ದೆಲ್ ಕಾಂಪೋ ಕಡೆಗೆ ಬರುತ್ತದೆ. ಆ ಭಾಗದಲ್ಲಿ ಒಂದು ಶೆಡ್ಡಿನೊಳಗೆ ನಿಧಾನವಾಗಿ ಸಾಗುತ್ತಲೇ ಚಕ್ರಗಳ ಅಂತರ ಬದಲಾಗುತ್ತದೆ. ಯಾರೂ ಇಳಿಯಬೇಕಿಲ್ಲ, ಬೋಗಿ ಬದಲಿಸಬೇಕಿಲ್ಲ. ಆಮೇಲೆ ಹೈಸ್ಪೀಡ್ ಹಳಿ. ಸೆಗೋವಿಯಾ ದಾಟಿದ ಮೇಲೆ ಗ್ವಾದರಾಮಾ ಬೆಟ್ಟದ ಕೆಳಗೆ 28 ಕಿಲೋಮೀಟರ್ ಸುರಂಗ, 2007ರಲ್ಲಿ ತೆರೆದದ್ದು. ನನ್ನ ಅಪ್ಪ ರೈಲ್ವೆಯಲ್ಲಿ ಇದ್ದವರು. ಚಕ್ರದ ಅಂತರ ಬದಲಾಗುವ ಜಾಗದಲ್ಲಿ ಕಿಟಕಿಗೆ ಮುಖ ಒತ್ತಿಕೊಂಡು ಕೂತಿದ್ದರು. ಅವರ ಆ ಖುಷಿ ನೋಡಿ, ಇಂಥ ರೈಲಿನಲ್ಲಿ ಪ್ರತಿ ಹಿರಿಯರನ್ನೂ ಒಮ್ಮೆ ಕೂರಿಸಬೇಕು ಅನ್ನಿಸಿತ್ತು. ಅದಕ್ಕೇ ವಾಪಸ್ಸಿಗೆ ರೈಲು ಅಂತ ಒತ್ತಾಯ ಮಾಡುತ್ತಿರುವುದು.

ಚಮಾರ್ತಿನ್‌ನಲ್ಲಿ ಇಳಿದ ಮೇಲೆ ಕೆಂಪು ವೃತ್ತದೊಳಗಿನ ಸೆರ್ಕಾನಿಯಾಸ್ ಗುರುತನ್ನು ಹಿಡಿದು ಹೋಗಿ. ಬೋರ್ಡಿನಲ್ಲಿ 'ಏರೊಪುಯೆರ್ತೊ ಟಿ4' ಅಂತ ಇರುವ ರೈಲು ನಿಮ್ಮದು. ಅದೇ ಕೊನೆಯ ನಿಲ್ದಾಣ, ಎಲ್ಲಿ ಇಳಿಯಬೇಕು ಅಂತ ಲೆಕ್ಕ ಇಡುವುದೂ ಬೇಡ. ಕೊಂಬಿನಾದೋ ಕೋಡನ್ನು ಮಗಳು ಒಂದು ಕಾಗದದಲ್ಲಿ ದೊಡ್ಡದಾಗಿ ಬರೆದುಕೊಟ್ಟಿರಲಿ. ಗೇಟಿನ ಹತ್ತಿರ ಸಿಬ್ಬಂದಿ ಇರುತ್ತಾರೆ, ಕಾಗದ ತೋರಿಸಿದರೆ ಸಾಕು. ಪರ್ಸು, ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ, ಮ್ಯಾಡ್ರಿಡ್‌ನ ಲೋಕಲ್ ರೈಲು, ಮೆಟ್ರೊದಲ್ಲಿ ಜೇಬುಗಳ್ಳರಿದ್ದಾರೆ. ವಿಮಾನಕ್ಕೆ ಮೂರು ಗಂಟೆ ಮೊದಲು ಟಿ4ರಲ್ಲಿರುವ ಹಾಗೆ ರೈಲು ಆರಿಸಿ, ಯಾಕೆಂದರೆ ಚೆಕ್ಇನ್ ಆದ ಮೇಲೆ ಮತ್ತೆ ಟಿ4ಎಸ್‌ಗೆ ಹೋಗಬೇಕು. ಅದು ಭಾನುವಾರ ಸಂಜೆ ಆಗದಿದ್ದರೆ ಒಳ್ಳೆಯದು. ವಾರಾಂತ್ಯಕ್ಕೆ ಊರಿಗೆ ಹೋದ ಹುಡುಗರೆಲ್ಲ ಆ ಹೊತ್ತಿಗೆ ರೈಲಿನಲ್ಲಿರುತ್ತಾರೆ.


ಶಿವಮೊಗ್ಗದ ಅಪ್ಪ:

ಮನೆಯವಳಿಗೆ ಪೂರ್ತಿ ಓದಿ ಹೇಳಿದೆ. ವೀಲ್‌ಚೇರ್‌ಗೆ ಒಪ್ಪಿದಳು, ಅಷ್ಟರಮಟ್ಟಿಗೆ ನೀವು ಗೆದ್ದಿರಿ ತಾಯಿ. ತುಪ್ಪ, ಪೇಡಾ ಪಟ್ಟಿಯಿಂದ ಹೋದವು, ಸೂಟ್‌ಕೇಸ್ ಮೂರಕ್ಕೆ ಇಳಿಯುವ ಹಾಗೆ ಕಾಣುತ್ತದೆ. ಅದೇ ದಿನವೇ ಹೋಗಿಬಿಡೋಣ ಅನ್ನುತ್ತಿದ್ದಾಳೆ, ಮಗಳ ರೂಮು ನೋಡುವ ತನಕ ಅವಳಿಗೆ ನಿದ್ದೆ ಬರುವುದಿಲ್ಲವಂತೆ. ರಾತ್ರಿ ಮಗಳು ಬಂದ ಮೇಲೆ ಬಸ್ಸು ಬುಕ್ ಮಾಡುತ್ತೇವೆ.

ಒಂದೇ ಒಂದು ಕೇಳುವುದಿದೆ. ಟಿಕೆಟ್ಟಿಗೆ ಇಲ್ಲಿನ ಡೆಬಿಟ್ ಕಾರ್ಡ್ ನಡೆಯುತ್ತದಾ?


ತೋರ್ಮೆಸ್ ದಂಡೆಯವಳು:

ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿ, ಮಿತಿಯನ್ನೂ ನೋಡಿಕೊಳ್ಳಿ. ರುಪೇ ಬದಲು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇದ್ದರೆ ಒಳ್ಳೆಯದು. ಟಿಕೆಟ್ಟಿನಲ್ಲಿ ಹೆಸರು, ನಂಬರ್ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹಾಕಿ. ಬಸ್ಸಿನ ಟಿಕೆಟ್ ದಿನ ಬದಲಿಸಲು ಬರುವಂಥದ್ದನ್ನೇ ತೆಗೆದುಕೊಳ್ಳಿ, ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಬುಕ್ ಆದ ಮೇಲೆ ಸಮಯ ಇಲ್ಲಿ ಹಾಕಿ ಸರ್, ವಿಮಾನಕ್ಕೂ ಅದಕ್ಕೂ ನಡುವೆ ಸಾಕಷ್ಟು ಹೊತ್ತು ಇದೆಯಾ ಅಂತ ನಾನೂ ಒಮ್ಮೆ ನೋಡಿ ಹೇಳುತ್ತೇನೆ.